ಪರರ ಪದ, ಪಕ್ವ ಕಂಠ

ತನ್ನ ಪದಗಳನ್ನು ತಾನೇ ಕಟ್ಟಿ, ತಾನೇ ಹಾಡಿ ಜಗದ್ವಿಖ್ಯಾತನಾದ ಬಾಬ್ ಡಿಲನ್, 2015ರಲ್ಲಿ, ತನ್ನ 73ರ ವಯಸ್ಸಿನಲ್ಲಿ, ಸ್ವರಚಿತವಾದ ಒಂದು ಚರಣವನ್ನೂ ಸೇರಿಸದೆ, ಪೂರ್ವದಲ್ಲಿ ಫ್ರಾಂಕ್ ಸಿನಾಟ್ರಾ ಹಾಡಿದ್ದ ಹತ್ತು ಗೀತೆಗಳನ್ನಷ್ಟೇ ತನ್ನ ಸವೆದ ಕಂಠದಿಂದ ಹಾಡಿ ಧ್ವನಿಮುದ್ರಿಕೆಯಾಗಿ ಹೊರತಂದುದು ರಾಕ್ ಸಂಗೀತದ ಅಭಿಮಾನಿಗೆ ವಿಪರೀತವೆನಿಸಬಹುದು. ಉಡುಪಿಯ ಸೀಮೆಯ ರಸಿಕನಿಗೆ ಅದರಲ್ಲಿ ಅಚ್ಚರಿಯೇನೂ ತೋರದು. ಕಾರ್ಕಳದ ಕಡೆಯ ನಂದಳಿಕೆಯಲ್ಲಿ ಹುಟ್ಟಿದ ಮುದ್ದಣನ (1870–1901) ‘ಕುಮಾರವಿಜಯ’ ಯಕ್ಷಗಾನ ಪ್ರಸಂಗವನ್ನು ಕವಿಯ ಕಾಲಾನಂತರ ಎಷ್ಟು ಮಂದಿ ಭಾಗವತರು ಎಷ್ಟು ಬಗೆಯಲ್ಲಿ ಆಡಿಸಿಲ್ಲ! ‘ಈ ಪದ ನಿಮ್ಮದೆ?’ ಎಂದು ಭಾಗವತರನ್ನು ಕೇಳಿದ ಪ್ರೇಕ್ಷಕನನ್ನು ನಾನರಿಯೆ. ಏರುಪದದಲ್ಲಿ ಉಸಿರು ನಿಂತೀತೆ, ಕರುಣರಸದಲ್ಲಿ ದನಿ ಕರಗೀತೆ ಎಂಬುದಿಷ್ಟೇ ಅವನ ಪರೀಕ್ಷೆ.

ಈ ಪರೀಕ್ಷೆಗೆ ತಾನಾಗಿ ತಲೆಯೊಡ್ಡಿದ ಕನ್ನಡದ ರಾಕ್ ಗಾಯಕರೆಂದರೆ ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ, ಭರತನಾಟ್ಯವನ್ನೂ ಅಭ್ಯಸಿಸಿ, ‘ಅಂತರಾಗ್ನಿ’ ಎಂಬ ತಂಡವನ್ನು ಕಟ್ಟಿ, ಕಾಲಿಗೆ ಗೆಜ್ಜೆ ಬಿಗಿದು ಬಣ್ಣದ ಲುಂಗಿಯಲ್ಲಿ ಗಿಟಾರು ನುಡಿಸುವ ಇವರ 2008ರ ಪ್ರಥಮ ಧ್ವನಿಮುದ್ರಿಕೆಯ ಎಂಟು ಹಾಡುಗಳಲ್ಲಿ ಎರಡು ಶಿಶುನಾಳ ಶರೀಫರವು (1819–1889): ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯದು. ಸಿ. ಅಶ್ವತ್ಥರು (1939–2009) ಸ್ವರ ಸಂಯೋಜಿಸಿ, ಎದೆಯೊಡೆಯುವಂತೆ ಹಾಡಿ, ಶರೀಫರನ್ನು ಮನೆಮನೆಗೆ ತಲಪಿಸಿದ ಬಳಿಕ, ಆ ಧಾಟಿಯೇ ಶರೀಫರದೆಂದು ನಮ್ಮ ಕಿವಿಗಳು ನಂಬಿಬಿಟ್ಟಿದ್ದುವು. ಆ ನಂಬಿಕೆಗೆ ಅಂಜದೆ ಬೇರೆ ಧಾಟಿಯನ್ನು ಹಿಡಿದುದು ಸಾಮಾನ್ಯ ಧೈರ್ಯವಲ್ಲ. ಕಾಪುವಿನ ದೀಪಸ್ತಂಭದ ಬುಡದಲ್ಲಿ ಸಂಜೆ ಕಳೆಯುವ ಮಣಿಪಾಲದ ವಿದ್ಯಾರ್ಥಿಗಳು ಇಂದು ಗುಡುಗುಡಿಯ ಪದವನ್ನೆತ್ತಿಕೊಂಡರೆ ಅದು ದೀಕ್ಷಿತರ ಧಾಟಿಯಲ್ಲೇ. ಅವರಲ್ಲಿ ಕನ್ನಡವರಿಯದವರೂ ತಾಳ ತಪ್ಪರು.

ಆದೊಡೆ ಗುಡುಗುಡಿಯ ಪದಕ್ಕೆ ನನ್ನ ಮೆಚ್ಚುಗೆ ಅರೆಮನಸ್ಸಿನದು. ಅಲ್ಲಿ ತಾಳವಾದ್ಯಗಳ ಹುರುಪಿನಲ್ಲಿ ಶರೀಫರ ಪರಿಹಾಸವು ಕುಣಿದೆದ್ದಿದೆ, ಅದರೊಳಗಣ ಯೋಗದ ಸಂಕೇತವು ಮಾತ್ರ ಹೊಗೆಯೊಡನೆಯೇ ಹಾರಿಹೋಗಿದೆ. ಮಾಳಿಗೆಯ ಪದವು ಅದಕ್ಕಿಂತ ಮೇಲು. ಅಬ್ಬರಕ್ಕಿಂತ ಅಳಲು ಮುಂದಾಗಿ, ಪಿಟೀಲು ಗಾಯಕನ ಬೆನ್ನಿಗೆ ನಿಂತಿದೆ. ಕೊರತೆಯಿರುವುದು ಒಂದೇ, ಅದೂ ಗಾಯಕರ ದೋಷವಲ್ಲ. 1974ರಲ್ಲಿ ಜನಿಸಿದ ಅವರು ಅಂದು 33ರ ತರುಣರು. ಅಜ್ಞಾನದ ಕತ್ತಲೆಯಲ್ಲಿ ದೇಹವೆಂಬ ಮನೆ ಸೋರುವುದನ್ನು ಆ ವಯಸ್ಸಿನವರು ಕೇಳಿಬಲ್ಲರಲ್ಲದೆ ಕಂಡುಬಲ್ಲರೆ? ಡಿಲನ್ನನ ಮುದ್ರಿಕೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಅವನ ಚಾತುರ್ಯವಲ್ಲ, ಸಿನಾಟ್ರಾನ ವಾದ್ಯವೈಭವವನ್ನೆಲ್ಲ ಕಳಚಿಟ್ಟು ಕೆಲವೇ ವಾದ್ಯಗಳ ನಡುವೆ ನಿಂತ ಆ ಮುಪ್ಪು. (ಶ್ರುತಿಶುದ್ಧಿಯೊಂದನ್ನೇ ಸಂಗೀತವೆಂದು ಬಗೆಯುವ ಮಿತ್ರರು ಆ ಮುದ್ರಿಕೆಯ ಗೊಡವೆಗೆ ಹೋಗದಿರುವುದೇ ಕ್ಷೇಮ.)

ಈಗ ದೀಕ್ಷಿತರೂ ಐವತ್ತನ್ನು ದಾಟಿದ್ದಾರೆ. ಇನ್ನಾದರೂ ಅವರು ಸ್ವಂತ ಗೀತೆಗಳನ್ನು ಬದಿಗಿರಿಸಿ, ಶರೀಫರ ಪದಗಳನ್ನೂ, ದಾಸರ ಕೀರ್ತನೆಗಳನ್ನೂ, ಸಾಧ್ಯವಾದರೆ ನಮ್ಮ ಭಾಗವತರೊಬ್ಬರ ಬಳಿ ಕೆಲಕಾಲ ಕುಳಿತು ಮುದ್ದಣನ ಒಂದೆರಡು ಪದಗಳನ್ನೂ ಆಯ್ದು, ಪರರ ಪದಗಳದೇ ಒಂದು ಪೂರ್ಣ ಮುದ್ರಿಕೆಯನ್ನು ಹೊರತರಲಿ. ಮಾಳಿಗೆಯ ಪದವನ್ನು ಅದರಲ್ಲಿ ಮತ್ತೊಮ್ಮೆ, ಒಂದೇ ಗಿಟಾರಿನೊಡನೆ, ಹಾಡಲಿ.