ರೊಟ್ಟಿ ಬಡಿಯುವ ಕೈ

ಈ ವಾರ ಬಾಕ್ಸಿಂಗಿನ ಎಡಗೈ ಜ್ಯಾಬ್ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಇನ್ನೊಂದು ವಾರ ಕಾಯಲಿ. ಬಬಲೇಶ್ವರದಲ್ಲಿ ಆತ್ಮರಕ್ಷಣೆ ಕಲಿಸುವಾಗ ಅವ್ವನೊಬ್ಬಳು ಕೇಳಿದ್ದು ತಲೆಯಿಂದ ಇಳಿಯುತ್ತಿಲ್ಲ: "ಹೊಡಿಯೂದು ಇರ್ಲಿ ಬಿಡ್ರಿ, ಬಡಿಸಿಕೊಳ್ಳದ್ಹಂಗ ಇರೂದು ಹೆಂಗ?"

ಉತ್ತರ ಅವಳ ಅಂಗೈಯಲ್ಲೇ ಇತ್ತು. ಪ್ಯಾರಿ, ಎಂದರೆ ಬರುವ ಗುದ್ದನ್ನು ಅಂಗೈಯಿಂದ ಬದಿಗೆ ತಟ್ಟುವುದನ್ನು, ಕಲಿಯುವ ಹೊಸಬರು ಗುದ್ದು ತಳ್ಳಲು ಕೈಯನ್ನು ಅರ್ಧ ಮಾರು ಬೀಸುತ್ತಾರೆ, ಮಾರಿ ಬಯಲಾಗುತ್ತದೆ. ಜೋಳದ ರೊಟ್ಟಿ ಬಡಿದವಳು ಹಾಗೆ ಬೀಸಲಾರಳು, ರೊಟ್ಟಿ ಹರಿದೀತು. ಗೇಣಿನೊಳಗೆ ಒಂದು ತಟ್ಟು, ತಟ್ಟಿದ್ದೇ ಕೈ ವಾಪಸ್ಸು. ತಿಕೋಟಾ ಕಡೆಯ ದ್ರಾಕ್ಷಿ ತೋಟದ ಹೆಣ್ಣಾಳುಗಳದ್ದು ಬೇರೆಯೇ ಭಾಗ್ಯ. ದಿನವಿಡೀ ಚಪ್ಪರದಡಿ ಕೈ ಎತ್ತಿಕೊಂಡೇ ದುಡಿದ ಭುಜಗಳು ಅವು. (ಭಾಗ್ಯ ಎಂದುಬಿಟ್ಟೆ; ರಾತ್ರಿ ಭುಜ ಎಷ್ಟು ನೋಯುತ್ತದೆಂದು ಕೇಳಲಿಲ್ಲ.) ವಿಜಯಪುರದ ಕಾಲೇಜು ಹುಡುಗರು ಮಾರಿ ಕಾಯಲು ಎತ್ತಿದ ಗಾರ್ಡ್ ಎರಡನೇ ನಿಮಿಷಕ್ಕೆ ಎದೆಗಿಳಿಯುತ್ತದೆ. ತೋಟದ ಈ ಹೆಂಗಸರಿಗೆ ಗದ್ದ ಒಳಗೆ, ಮೊಣಕೈ ಪಕ್ಕೆಗೆ ಎಂದರೆ ಮುಗಿಯಿತು.

ತಡೆ ಕಲಿಸುವುದು ಬಿಟ್ಟು ಹೆಂಚು ಒಡೆಸುವ ಆತ್ಮರಕ್ಷಣಾ ಶಿಬಿರದವರೊಡನೆ ನನ್ನ ಜಗಳ ಹಳೆಯದು. ಸರಕಾರಿ ಶಾಲೆಗಳ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಪ್ರಶಿಕ್ಷಣದಲ್ಲಿ ಸಿಗುವುದೇ ಮೂರು ತಿಂಗಳು. ಅಷ್ಟರಲ್ಲಿ ಚಪ್ಪಾಳೆಗೆಂದು ಹೆಂಚು ಯಾಕೆ ಬೇಕು? ಮೂರು ಹೆಂಚು ಪುಡಿ ಮಾಡಿದ ಹುಡುಗಿಯೊಬ್ಬಳ ಮುಖದತ್ತ ಒಮ್ಮೆ ಮೆಲ್ಲಗೆ ಕೈ ಚಾಚಿದೆ. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

ತಡೆಯ ವಿಷಯದಲ್ಲಿ ನನ್ನ ಪಾರಾಯಣ ಗ್ರಂಥ ಬಾಕ್ಸರ್ ಡೇನಿಯಲ್ ಮೆಂಡೋಜಾನ 1789ರ 'ದಿ ಆರ್ಟ್ ಆಫ್ ಬಾಕ್ಸಿಂಗ್'. ಅದರ ಪಾಠಗಳಲ್ಲಿ ಹೊಡೆತದ ಬೆನ್ನಿಗೇ ಅದರ ತಡೆ ಇದೆ. ಸುಮಾರು ಐದಡಿ ಏಳಂಗುಲದ ಆಳು, ತಡೆ ಮತ್ತು ಕಾಲಚಳಕದ ಬಲದಿಂದಲೇ ಇಂಗ್ಲೆಂಡಿನ ದೊಡ್ಡ ದೇಹದವರನ್ನು ಕೆಡವಿದ. ಇಂಥವನೂ 1795ರಲ್ಲಿ ಸೋತ. ಎದುರಾಳಿ ಜಾನ್ ಜಾಕ್ಸನ್ ಅವನ ಉದ್ದ ಕೂದಲನ್ನು ಒಂದು ಕೈಲಿ ಹಿಡಿದು ಇನ್ನೊಂದರಿಂದ ಗುದ್ದಿದ. ಅಂದಿನ ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದ ಜಟ್ಟಿಗಳು ತಲೆ ಬೋಳಿಸಿಕೊಂಡೇ ಅಖಾಡಕ್ಕೆ ಇಳಿಯುತ್ತಾರೆ, ಹಿಡಿಯಲು ಏನೂ ಸಿಗದು.

ಎರಡು ಜಡೆಯ ಹುಡುಗಿಯರಿಗೆ ಆ ದಾರಿ ಹೇಳಲಾದೀತೇ? ಜಡೆ ಹಿಡಿದರೆ ದೂರ ಜಗ್ಗಬೇಡಿ, ಜಗ್ಗಿದಷ್ಟೂ ನೋವು ನಿಮ್ಮದೇ. ಹಿಡಿದ ಕೈಯನ್ನು ನಿಮ್ಮೆರಡೂ ಕೈಯಿಂದ ತಲೆಗೇ ಒತ್ತಿ, ಅವನ ಕಡೆಗೇ ಹೆಜ್ಜೆ ಹಾಕಿ. ಒತ್ತಿದ ಕೈಗೆ ಜಗ್ಗುವ ಶಕ್ತಿ ಕಡಿಮೆಯಾಗುತ್ತದೆ.

ಬಬಲೇಶ್ವರದ ಅವ್ವ ಇದನ್ನು ಮಗಳ ಮೇಲೆ ನಾಲ್ಕು ಸಲ ಪ್ರಯೋಗಿಸಿದಳು. ಆಮೇಲೆ ತಾನೇ ತುರುಬು ಬಿಚ್ಚಿ ನನ್ನೆದುರು ಬಂದು ನಿಂತಳು.

"ಈಗ ಹಿಡೀರಿ, ನೋಡೂಣು."