ಬೇಗೂರಿನ ಕಲ್ಲು ದಾಟಿ ಹೋಗುವ ಸೈಕಲ್ಲುಗಳು

ಭಾನುವಾರ ಬೆಳಕು ಹರಿಯುವ ಮೊದಲೇ ಜೆ.ಪಿ. ನಗರದ ಒಳರಸ್ತೆಗಳಿಂದ ಸೈಕಲ್ಲುಗಳು ಹೊರಡುತ್ತವೆ. ಒಂದು ಗುಂಪು ಕನಕಪುರ ರಸ್ತೆಗೆ ಇಳಿದು ಮೆಟ್ರೊ ಕಂಬಗಳ ಸಾಲು ಮುಗಿಯುವವರೆಗೂ ಬಿಡದೆ ತುಳಿಯುತ್ತದೆ. ಇನ್ನೊಂದು ಬನ್ನೇರುಘಟ್ಟ ರಸ್ತೆ ಹಿಡಿದು ರಾಗಿಹಳ್ಳಿಯ ಕಾಡಂಚಿಗೆ ಹೋಗುತ್ತದೆ. ಮತ್ತೊಂದು ಕೆಂಗೇರಿ ದಾಟಿ ದೊಡ್ಡ ಆಲದಮರ, ಮಂಚನಬೆಲೆ, ಸಾವನದುರ್ಗ ಎಂದು ಸಾಗುತ್ತದೆ. ಬಿಡದಿಯ ತಟ್ಟೆ ಇಡ್ಲಿಗೆಂದೇ ಹೊರಡುವವರೂ ಇದ್ದಾರೆ, ಅದೂ ಒಳ್ಳೆಯ ಕಾರಣವೇ. ದಕ್ಷಿಣ ಬೆಂಗಳೂರಿನಲ್ಲಿ ನಮ್ಮ ಕಣ್ಣೆದುರೇ ಬೆಳೆದ ಈ ರೂಢಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ, ನಾನೂ ಆ ಗುಂಪಿನವನೇ. ಆದರೂ ಒಂದು ತಕರಾರಿದೆ. ಇಷ್ಟು ದೂರ ಹೋಗುವ ಸವಾರಿ ನಿಲ್ಲಬೇಕಾದ ಕಡೆ ನಿಲ್ಲುತ್ತಿಲ್ಲ.

ಹತ್ತಿರದ ಉದಾಹರಣೆಯನ್ನೇ ನೋಡಿ. ಜೆ.ಪಿ. ನಗರದಿಂದ ಅರಕೆರೆ, ಹುಳಿಮಾವು ಕಡೆಯಿಂದ ಹೋದರೆ ಬೇಗೂರು ಸುಮಾರು ಹತ್ತು ಕಿಲೋಮೀಟರ್. ಅಲ್ಲಿನ ನಾಗೇಶ್ವರ ದೇವಸ್ಥಾನದ ಮೂಲ ಗುಡಿಗಳು ಗಂಗರ ಕಾಲದವು. ಆ ಆವರಣದಲ್ಲಿರುವ ಒಂದು ವೀರಗಲ್ಲು ಕ್ರಿ.ಶ. 890ರ ಆಸುಪಾಸಿನದು. ನಾಗತ್ತರನೆಂಬ ಗಂಗರ ಅಧಿಕಾರಿಯ ಕಡೆಯವನೊಬ್ಬ ಬೆಂಗಳೂರಿನ ಕಾಳೆಗದಲ್ಲಿ ಮಡಿದ ಎಂದು ಅದರ ಹಳಗನ್ನಡ ಹೇಳುತ್ತದೆ. ಬೆಂಗಳೂರು ಎಂಬ ಹೆಸರಿಗೆ ನಮಗಿರುವ ಅತಿ ಹಳೆಯ ಬರಹದ ಸಾಕ್ಷಿ ಅದು. ಕೆಂಪೇಗೌಡರು ಕೋಟೆ ಕಟ್ಟಿಸುವುದಕ್ಕೆ ಆರೂವರೆ ಶತಮಾನ ಮೊದಲೇ ಇಲ್ಲಿ ಈ ಹೆಸರಿನದೊಂದು ಊರಿತ್ತು, ಅಲ್ಲಿ ಜಗಳವಾಗಿತ್ತು, ಜನ ಸತ್ತಿದ್ದರು. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರ ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಎರೆಯಪ್ಪನ ಅಪ್ಪಣೆಯಂತೆ ನೊಳಂಬ ದೊರೆ ವೀರಮಹೇಂದ್ರನ ಮೇಲೆ ಯುದ್ಧಕ್ಕೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ಬಿದ್ದ ಕಥೆ ಅದರಲ್ಲಿದೆ. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಆ ಯುದ್ಧಚಿತ್ರವನ್ನು ಎದುರು ನಿಂತು ನೋಡಬೇಕು.

ಸವೆದ ಶಾಸನವನ್ನು ಓದಬಲ್ಲವರಿಗೆಲ್ಲ ಗೊತ್ತಿರುವ ಮಾತೊಂದಿದೆ. ನಡುಮಧ್ಯಾಹ್ನದ ಬಿಸಿಲಿಗೆ ಅಕ್ಷರ ಕಾಣುವುದಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಪ್ರತಿ ಗೀರಿನಲ್ಲೂ ನೆರಳು ತುಂಬಿ ಸಾಲುಗಳು ಎದ್ದು ಬರುತ್ತವೆ. ಬಿಸಿಲಲ್ಲಿ ಬರಿಯ ಒರಟು ಬಂಡೆಯಾಗಿದ್ದ ಕಲ್ಲಿನಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ಕೆಳಗಿನ ಪಟ್ಟಿಕೆಯ ಕಾಳಗ, ನಡುವೆ ವೀರನನ್ನು ಕೈಹಿಡಿದು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಪಕ್ಕ ಕುಳಿತ ವೀರ, ಇವೆಲ್ಲ ಬಿಡಿಬಿಡಿಯಾಗಿ ತೋರುತ್ತವೆ. ಆ ಹೊತ್ತಿಗೆ ಸರಿಯಾಗಿ ಇಂಥ ಊರುಗಳ ಬೀದಿಯಲ್ಲಿರುವವರು ಹಾಲಿನವರು, ಹೂವಿನವರು, ಮತ್ತು ನಮ್ಮ ಸೈಕಲ್ ಗುಂಪುಗಳು. ಕಾರಿನವರು ಬರುವಷ್ಟರಲ್ಲಿ ಹೊತ್ತೇರಿರುತ್ತದೆ. ಶಾಸನ ನೋಡಲು ಹೇಳಿಮಾಡಿಸಿದ ಗಳಿಗೆ ನಮ್ಮ ಪಾಲಿಗೇ ಬಂದಿರುವಾಗ ಅದನ್ನು ಬಿಟ್ಟು ಮುಂದೆ ಓಡುವುದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಹೀಗಾಗುವುದು ಸವಾರರಿಗೆ ಆಸಕ್ತಿ ಇಲ್ಲದ್ದರಿಂದಲ್ಲ, ನಾವು ಲೆಕ್ಕಕ್ಕೆ ಹಿಡಿಯುವುದು ಬೇರೆಯದಾದ್ದರಿಂದ. ಫೋನಿನ ಆ್ಯಪ್ ದೂರ, ಸರಾಸರಿ ವೇಗ, ಏರಿದ ಎತ್ತರ ಮೂರನ್ನು ಬರೆದುಕೊಳ್ಳುತ್ತದೆ. ನಿಂತ ಹೊತ್ತನ್ನು ಸವಾರಿಯ ಲೆಕ್ಕದಿಂದಲೇ ತೆಗೆದುಹಾಕುತ್ತದೆ. ಗುಂಪಿನಲ್ಲಿ ಒಬ್ಬ ನಿಂತರೆ ಉಳಿದವರು ಕಾಯಬೇಕು. ಮೈ ಆರುತ್ತದೆ, ಲಯ ತಪ್ಪುತ್ತದೆ. ದೂರದ ಸವಾರಿಯಾದ ಬ್ರೆವೆಯಲ್ಲಂತೂ ಗಡಿಯಾರವೇ ಯಜಮಾನ. 1904ರಲ್ಲಿ ಹುಟ್ಟಿದ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬಿನ ನಿಯಮದಂತೆ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು, 600ಕ್ಕೆ ನಲವತ್ತು ಗಂಟೆ. ಆ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ರಾತ್ರಿಯಿಡೀ ತುಳಿದು ಬಂದು ತಪಾಸಣೆಯ ತಾಣದಲ್ಲಿ ತಮ್ಮ ಸವಾರಿ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳುವವರ ಮುಖದಲ್ಲಿರುವುದು ಒಣ ಜಂಬವಲ್ಲ, ಸಂಪಾದಿಸಿದ ಆತ್ಮವಿಶ್ವಾಸ. ಆದರೆ ಒಂದು ಬಗೆಯ ಸವಾರಿಯ ಅಳತೆಗೋಲು ಎಲ್ಲ ಬಗೆಯ ಸವಾರಿಗೂ ಅಳತೆಗೋಲಾಗಿಬಿಟ್ಟಿದೆ. ಮನೆಯಿಂದ ಬೇಗೂರಿಗೆ ಹೋಗಿ ಬಂದರೆ ಇಪ್ಪತ್ತು ಕಿಲೋಮೀಟರ್, ‘ಅದೂ ಒಂದು ಸವಾರಿಯೇ?’ ಎನ್ನುವ ಮನೋಭಾವ ಬೆಳೆಯಲು ಇದೇ ಕಾರಣ.

ಸೈಕಲ್ಲಿನ ಆಯ್ಕೆಯೂ ಇದಕ್ಕೆ ತಕ್ಕಂತೆಯೇ ನಡೆದಿದೆ. ಸಪೂರ ಟೈರಿನ ರೋಡ್ ಬೈಕು ಡಾಂಬರಿನ ಮೇಲೆ ಹಾರುತ್ತದೆ, ಮಣ್ಣಿನ ಹಾದಿಗೆ ಇಳಿಯಲು ಹೆದರುತ್ತದೆ. ಈ ಸೀಮೆಯ ಕೆರೆ ಅಂಗಳದಲ್ಲೆಲ್ಲ ಬಳ್ಳಾರಿ ಜಾಲಿ ಹಬ್ಬಿದೆ. ಅದರ ಮುಳ್ಳು ಟೈರು ದಾಟಿ ಟ್ಯೂಬಿಗೆ ಇಳಿದರೆ ಒಂದು ಕಡೆ ಪ್ಯಾಚ್ ಹಾಕುವಷ್ಟರಲ್ಲಿ ಇನ್ನೊಂದು ಕಡೆ ಗಾಳಿ ಬಿಡುತ್ತದೆ. ಹಳೆಯ ಕೋಟೆ, ಸಮಾಧಿ, ಮಾಸ್ತಿಗಲ್ಲು ಇರುವುದೆಲ್ಲ ಅಂಥ ಹಾದಿಗಳ ಬದಿಯಲ್ಲೇ. ಅಗಲ ಟೈರಿನ ಸಾಧಾರಣ ಹೈಬ್ರಿಡ್ ಸಾಕು. ಲಕ್ಷಗಟ್ಟಲೆ ಕೊಟ್ಟ ಕಾರ್ಬನ್ ಚೌಕಟ್ಟು ಈ ಕೆಲಸಕ್ಕೆ ಅಡ್ಡಿಯೇ.

ಸಾವನದುರ್ಗದ ದಾರಿ ಹಿಡಿದರೆ ಇಳಿದು ನೋಡದ ಈ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಜೆ.ಪಿ. ನಗರದಿಂದ ಐವತ್ತು ಕಿಲೋಮೀಟರಿನ ಆಸುಪಾಸು. ಮಂಚನಬೆಲೆಯ ಹತ್ತಿರ ಅರ್ಕಾವತಿಯ ಅಣೆಕಟ್ಟು ದಾಟಿದ ಮೇಲೆ ನೆಲದ ಸ್ವರೂಪವೇ ಬೇರೆ. ಬಂಡೆಗಳ ನಡುವೆ ಕುರುಚಲು, ತಂಗಡಿ, ಕಾರೆ, ಲಂಟಾನ, ದನ ಮೇಯುವ ಬಯಲು, ಅಲ್ಲಲ್ಲಿ ರಾಗಿ ಹೊಲ. ಎದುರಿಗೆ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಒಂದೇ ಕಲ್ಲು. ಕರಿಗುಡ್ಡ, ಬಿಳಿಗುಡ್ಡ ಎಂದು ಊರವರು ಕರೆಯುವ ಎರಡು ನೆತ್ತಿಗಳು. ಈ ಬಂಡೆ ಸೇರುವುದು ಕ್ಲೋಸ್‌ಪೇಟ್ ಗ್ರಾನೈಟಿನ ಪಟ್ಟಿಗೆ. ರಾಮನಗರದ ಬ್ರಿಟಿಷರ ಕಾಲದ ಹೆಸರನ್ನೇ ಭೂವಿಜ್ಞಾನಿಗಳು ಅದಕ್ಕೆ ಇಟ್ಟರು. ವಯಸ್ಸು ಸುಮಾರು 250 ಕೋಟಿ ವರ್ಷ. ಏರಿನಲ್ಲಿ ಗೇರ್ ಇಳಿಸಿ, ಮೊಣಕಾಲು ನಡುಗುತ್ತಾ ತುಳಿಯುವಾಗ ಆ ಕಲ್ಲಿನ ಮೈ ಕಣ್ಣಿಗೆ ಬೀಳುವ ನಿಧಾನ ಬೇರಾವ ವಾಹನಕ್ಕೂ ದಕ್ಕುವುದಿಲ್ಲ.

ಇಲ್ಲಿನ ಇತಿಹಾಸ ಪದರ ಪದರವಾಗಿದೆ. ತಪ್ಪಲಿನಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿದ್ದವು, ಹತ್ತೊಂಬತ್ತನೆಯ ಶತಮಾನದಲ್ಲೇ ವಿದ್ವಾಂಸರು ಅವುಗಳ ಬಗ್ಗೆ ಬರೆದಿದ್ದಾರೆ. ಮೇಲೆ ಮಾಗಡಿ ಕೆಂಪೇಗೌಡರ ವಂಶದ ಕೋಟೆ, ಬಳಿಕ ಹೈದರಲಿ, ಟಿಪ್ಪುವಿನ ಕಾವಲು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ 21ರಂದು, ಕಾರ್ನ್‌ವಾಲಿಸನ ಸೇನೆ ಇದನ್ನು ಗೆದ್ದಿತು. ಕೆಳಗೆ ವೀರಭದ್ರಸ್ವಾಮಿಯ ಗುಡಿ, ನರಸಿಂಹಸ್ವಾಮಿಯ ಗುಡಿ, ಇಂದಿಗೂ ಮುಡಿ ಕೊಡಲು ಬರುವ ಒಕ್ಕಲುಗಳು. ಇಷ್ಟೆಲ್ಲ ಇರುವ ಕಡೆ ನಮ್ಮ ಗುಂಪುಗಳು ಮಾಡುವುದು ಸೈಕಲ್ ಸಾಲಾಗಿ ನಿಲ್ಲಿಸಿ ಬೆಟ್ಟದ ಹಿನ್ನೆಲೆಯಲ್ಲಿ ಫೋಟೊ ತೆಗೆಸಿಕೊಂಡು ಎಳನೀರು ಕುಡಿದು ಬಿಸಿಲೇರುವ ಮೊದಲು ವಾಪಸು ಹೊರಡುವುದು. ಬಿಸಿಲಿನ ಭಯ ಸುಳ್ಳಲ್ಲ. ಆದರೆ ಅರ್ಧ ಗಂಟೆ ಮೊದಲೇ ಹೊರಟರೆ ಆ ಅರ್ಧ ಗಂಟೆ ತಪ್ಪಲಿನಲ್ಲಿ ಕೈಗೆ ಸಿಗುತ್ತದೆ.

ಇಂಗ್ಲೆಂಡಿನ ಡಾರ್ಟ್‌ಮೂರ್ ಕೂಡ ಇಂಥದೇ ಗ್ರಾನೈಟಿನ ಬರಡು ಬಯಲು. ಅಲ್ಲೂ ಇತಿಹಾಸಪೂರ್ವ ಕಾಲದ ಕಲ್ಲಿನ ಸಾಲುಗಳು, ವೃತ್ತಗಳು. ಅದರ ಅಂಚಿನಲ್ಲಿ ನಿಂತುಹೋದ ರೈಲುಮಾರ್ಗವೊಂದನ್ನು ಗ್ರಾನೈಟ್ ವೇ ಎಂಬ ಸೈಕಲ್ ಹಾದಿಯಾಗಿ ಮಾಡಿದ್ದಾರೆ. 1874ರಲ್ಲಿ ಕಟ್ಟಿದ ಮೆಲ್ಡನ್ ರೈಲು ಸೇತುವೆಯ ಮೇಲೆಯೇ ಸೈಕಲ್ ಹೋಗುತ್ತದೆ. ಆ ಅನುಕೂಲ ನಮಗಿಲ್ಲ. ಕಲ್ಲು ಕ್ವಾರಿಯ ಲಾರಿ, ಬಸ್ಸು, ಬೈಕುಗಳ ನಡುವೆ ನಾವು ಜೀವ ಹಿಡಿದುಕೊಂಡೇ ಹೋಗಬೇಕು. ಹಾಗಾಗಿ ಹೆದ್ದಾರಿಯಲ್ಲಿ ನಿಲ್ಲದೆ ಸಾಗುವುದನ್ನು ನಾನು ದೂರುವುದಿಲ್ಲ. ಹೆದ್ದಾರಿ ಬಿಟ್ಟ ಮೇಲೂ ಅದೇ ಚಾಳಿ ಮುಂದುವರಿಯುವುದರ ಬಗ್ಗೆ ಮಾತ್ರ ನನ್ನ ಆಕ್ಷೇಪ.

ಪಾರಂಪರಿಕ ಸವಾರಿ ಎಂಬ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮಗಳು ಇದಕ್ಕೆ ಉತ್ತರವಾಗಬೇಕಿತ್ತು. ನಾನು ನೋಡಿದಂಥವು ಬಹುಪಾಲು ಆಗಿಲ್ಲ. ನಲವತ್ತು ಜನ ಒಟ್ಟಿಗೆ ಬಂದಿಳಿದರೆ ಸಣ್ಣ ಗುಡಿಯ ಅಂಗಳ ತುಂಬಿಹೋಗುತ್ತದೆ, ಪೂಜೆಗೆ ಬಂದ ಅಜ್ಜಿ ಒಂದು ಪಕ್ಕಕ್ಕೆ ಸರಿಯಬೇಕಾಗುತ್ತದೆ. ವೀರಗಲ್ಲಿಗೆ ಸೈಕಲ್ ಒರಗಿಸಿ ಇಟ್ಟದ್ದನ್ನೂ ಕಂಡಿದ್ದೇನೆ. ಐದಾರು ಜನರ ಗುಂಪು ಹೆಚ್ಚೆಂದರೆ ಸರಿ. ಆಗ ಊರಿನ ಯಜಮಾನರು ತಾವಾಗಿ ಹತ್ತಿರ ಬಂದು, “ಎಲ್ಲಿಂದ ಬಂದ್ರಪ್ಪಾ ಇಷ್ಟೊತ್ತಿಗೇ?” ಎಂದು ಮಾತಿಗೆ ಎಳೆಯುತ್ತಾರೆ. ಹೊಲದ ಬದುವಿನಲ್ಲಿ ಇನ್ನೊಂದು ಕಲ್ಲು ಇದೆ ಎಂಬ ಸುದ್ದಿ ಸಿಗುವುದು ಆ ಮಾತಿನಲ್ಲೇ.

ಆ ಸುದ್ದಿಗೆ ಈಗ ಬೆಲೆಯಿದೆ. ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದರು. ಅದರಲ್ಲಿ ದಾಖಲಾದ ಕಲ್ಲುಗಳಲ್ಲಿ ಹಲವು ಬಡಾವಣೆಗಳ ಅಡಿಯಲ್ಲಿ, ಚರಂಡಿಯ ಚಪ್ಪಡಿಯಾಗಿ, ಕಣ್ಮರೆಯಾಗಿವೆ. ಹೆಬ್ಬಾಳದಲ್ಲಿ 750ರ ಸುಮಾರಿನ ಕಿತ್ತಯ್ಯನ ಶಾಸನ ಬೆಳಕಿಗೆ ಬಂದದ್ದು ತೀರ ಈಚೆಗೆ, 2018ರಲ್ಲಿ. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಅಕ್ಷರ ಅಳಿದರೂ ಓದು ಉಳಿಯಲಿ ಎಂಬ ಕೆಲಸ ಅದು. ವಾರವಾರವೂ ಒಂದೇ ಹಳ್ಳಿಯ ದಾರಿ ಹಿಡಿಯುವ ಸವಾರನಿಗೆ ನಿನ್ನೆಯವರೆಗೆ ಅರಳಿಕಟ್ಟೆಯ ಬಳಿ ನಿಂತಿದ್ದ ಕಲ್ಲು ಇಂದು ಜೆಸಿಬಿಯ ಮಣ್ಣಿನಡಿ ಬಿದ್ದಿರುವುದು ಗೊತ್ತಾಗಬೇಕು. ಗೊತ್ತಾಗಬೇಕಾದರೆ ಒಮ್ಮೆಯಾದರೂ ಅದನ್ನು ಇಳಿದು ನೋಡಿರಬೇಕು.

ಬ್ರೆವೆ ನಡೆಸುವವರಿಗೆ ಒಂದು ಸಲಹೆ ಕೊಡುತ್ತೇನೆ. ಮುದ್ರೆ ಹಾಕಲು ಯಾರೂ ಇಲ್ಲದ ಕಡೆ, ಸ್ಥಳದಲ್ಲಿ ಇಳಿದು ನೋಡದೆ ಉತ್ತರಿಸಲಾಗದ ಒಂದು ಪ್ರಶ್ನೆಯನ್ನು ಕಾರ್ಡಿನಲ್ಲಿ ಅಚ್ಚು ಹಾಕುವ ಪದ್ಧತಿ ಆ ಕ್ರೀಡೆಯಲ್ಲೇ ಇದೆ. ಅದನ್ನು ಬೇಗೂರಿಗೆ ತನ್ನಿ. ಶಾಸನದಲ್ಲಿ ಎಷ್ಟು ಸಾಲು, ವೀರನ ಕೈಯಲ್ಲಿರುವ ಆಯುಧ ಯಾವುದು, ಊರಿನ ಹಳೆಯ ಕೋಟೆಯ ಯಾವ ದಿಕ್ಕಿನ ಗೋಡೆ ಇನ್ನೂ ನಿಂತಿದೆ ಎಂದು ಕೇಳಿ. ಹತ್ತು ನಿಮಿಷದ ಕೆಲಸ, ಹದಿಮೂರೂವರೆ ಗಂಟೆಯೊಳಗೆ ಅದಕ್ಕೆ ಧಾರಾಳವಾಗಿ ಜಾಗವಿದೆ. ದೇವಸ್ಥಾನದವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ, ಬಾಗಿಲು ತೆಗೆಯುವ ಹೊತ್ತು ತಿಳಿದುಕೊಳ್ಳಿ, ಕ್ಲೀಟಿನ ಬೂಟು ಹೊರಗೆ ಬಿಡಲು ಸವಾರರಿಗೆ ಹೇಳಿ. ಮೊದಲ ಬಾರಿಗೆ ಸಣ್ಣ ಸವಾರಿಯಲ್ಲಿ ಮಾಡಿ ನೋಡಬಹುದು: ಜೆ.ಪಿ. ನಗರ, ಬೇಗೂರು, ಬನ್ನೇರುಘಟ್ಟದ ಚಂಪಕಧಾಮ ದೇವಸ್ಥಾನ, ರಾಗಿಹಳ್ಳಿ, ಕಗ್ಗಲೀಪುರ, ಮತ್ತೆ ಕನಕಪುರ ರಸ್ತೆಯಲ್ಲಿ ಮನೆಗೆ.