ವಿಜಯಶಬ್ದದ ಸಂಚಾರ

ಚೀನಿಯಲ್ಲಿ ‘ಷೆಂಗ್‌ಲಿ’, ಜಪಾನಿಯಲ್ಲಿ ‘ಶೋರಿ’, ಕೊರಿಯನ್ನಿನಲ್ಲಿ ‘ಸುಂಗ್ನಿ’, ವಿಯೆಟ್ನಾಮಿಯಲ್ಲಿ ‘ಥಾಂಗ್ ಲೋಯ್’: ನಾಲ್ಕಕ್ಕೂ ಅರ್ಥ ಗೆಲುವು. ಒಂದೇ ಜೋಡಿ ಚೀನೀ ಅಕ್ಷರಗಳನ್ನು ನಾಲ್ಕು ನಾಡಿನವರು ತಮ್ಮ ತಮ್ಮ ಬಾಯಿಗೆ ಒಗ್ಗಿದಂತೆ ಓದಿದುದರ ಫಲವಿದು. ಮೊದಲನೆಯ ಅಕ್ಷರಕ್ಕೆ ಮೀರುವುದು, ಗೆಲ್ಲುವುದು ಎಂದೂ ಎರಡನೆಯದಕ್ಕೆ ಲಾಭವೆಂದೂ ಅರ್ಥ. ಇಂಥ ಪಟ್ಟಿಯನ್ನು ಕಂಡೊಡನೆ ಈ ಭಾಷೆಗಳೆಲ್ಲ ಒಂದೇ ಕುಲದವೆಂದು ನಿರ್ಣಯಿಸುವ ಅವಸರ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಕೆಲವು ಅಧ್ಯಾಪಕರಲ್ಲಿಯೂ ಇಲ್ಲದಿಲ್ಲ. ಆದರೆ ಜಪಾನಿಗೂ ಚೀನಿಗೂ ವಂಶಸಂಬಂಧವು ಸಿದ್ಧವಾಗಿಲ್ಲ. ಅಲ್ಲಿ ಪದವನ್ನು ಹೊತ್ತು ತಿರುಗಿದುದು ಲಿಪಿ ಮತ್ತು ಓದು.

ನಮ್ಮ ‘ಜಯ’, ‘ವಿಜಯ’ಗಳ ಕಥೆಯೂ ಇದಕ್ಕೆ ಸಮೀಪವಾದುದೇ. ಥಾಯ್ ಭಾಷೆಯ ‘ಚೈ’, ಖ್ಮೇರರ ‘ಚೇಯ್’, ಜಾವಾದ ‘ಜಯ’ ಇವೆಲ್ಲ ಸಂಸ್ಕೃತದ ಸಂತತಿ. 1527ರಲ್ಲಿ ಜಯಕರ್ತವೆಂಬ ಹೆಸರು ಪಡೆದ ಊರು ಇಂದಿನ ಜಕಾರ್ತ. ಚಂಪಾ ರಾಜ್ಯದ ರಾಜಧಾನಿಗೆ ವಿಜಯವೆಂದೇ ಹೆಸರು. 1471ರಲ್ಲಿ ಅದನ್ನು ಗೆದ್ದವರು ವಿಯೆಟ್ನಾಮಿಗಳು. ಇಷ್ಟು ದೂರ ಈ ಪದವನ್ನು ದಂಡು ಒಯ್ದಿತೆಂದು ಭಾವಿಸುವುದಕ್ಕಿಂತ ಪಾಠವು ಒಯ್ದಿತೆಂದು ಭಾವಿಸುವುದು ಯುಕ್ತ.

ಅಂಥ ಪಾಠದ ಏರ್ಪಾಡು ಹೇಗಿತ್ತೆಂಬುದನ್ನು ತಿಳಿಯಲು ನಾವು ಕಡಲು ದಾಟಬೇಕಾದುದಿಲ್ಲ. ಇಂಡಿ ತಾಲೂಕಿನ ಸಾಲೋಟಗಿಯ ಸ್ತಂಭಶಾಸನವನ್ನು ನೋಡಿದರೆ ಸಾಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಈ ಶಾಸನವು ಅಂದು ಪಾವಿಟ್ಟಗೆಯೆನಿಸಿದ್ದ ಈ ಗ್ರಾಮದಲ್ಲಿ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನು ವರ್ಣಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪಕ್ಕೆ ಭೂಮಿ, ಉಪಾಧ್ಯಾಯನಿಗೆ ಭೂಮಿ; ಮದುವೆ, ಉಪನಯನ, ಚೌಲಗಳಲ್ಲಿ ಊರವರು ಸಲ್ಲಿಸಬೇಕಾದ ಹಣ. ದೀಪದ ಎಣ್ಣೆಯನ್ನು ಮರೆಯದ ದಾನಪತ್ರಕ್ಕೆ ನಾವು ರಾಜಪ್ರಶಸ್ತಿಗಿಂತ ಹೆಚ್ಚಿನ ಬೆಲೆ ಕೊಡುತ್ತೇವೆ. ಮನೆಯಲ್ಲಿ ಬೇರೆ ಬೇರೆ ನುಡಿಯಾಡುವ ಹುಡುಗರು ಒಂದೇ ಶಾಸ್ತ್ರವನ್ನು ಬಾಯಿಪಾಠ ಮಾಡಿ ಹಿಂದಿರುಗುವಾಗ ಪದಗಳೂ ಅವರೊಡನೆ ಹೊರಡುತ್ತವೆ. ಸಾಲೋಟಗಿಯಿಂದಲೇ ‘ವಿಜಯ’ವು ಜಾವಾಕ್ಕೆ ಹೋಯಿತೆಂದು ಇದರ ಅಭಿಪ್ರಾಯವಲ್ಲ, ಪದಗಳು ಸಂಚರಿಸುವ ಬಗೆಗೆ ಇದು ಕಲ್ಲಿನ ಸಾಕ್ಷಿ.

ಎರಡು ಪದಪರಂಪರೆಗಳು ಒಂದೆಡೆ ಸೇರಿದುದೂ ಉಂಟು. ‘ಉಷ್ಣೀಷವಿಜಯಾ’ ಎಂಬ ಬೌದ್ಧಧಾರಣಿಯು ಏಳನೆಯ ಶತಮಾನದಲ್ಲಿ ಚೀನಿಗೆ ಅನುವಾದವಾದಾಗ ‘ವಿಜಯ’ದ ಸ್ಥಾನದಲ್ಲಿ ಬಂದುದು ಮೇಲೆ ಹೇಳಿದ ‘ಷೆಂಗ್’ ಅಕ್ಷರವೇ. ಥಾಯ್ ನುಡಿಯವರು ನಾದವನ್ನು ತೆಗೆದುಕೊಂಡರು, ಚೀನೀಯರು ಅರ್ಥವನ್ನು. ಟಿಬೆಟಿನವರು ಇನ್ನೂ ನಿಷ್ಠುರರು: ‘ವಿ’ ಉಪಸರ್ಗಕ್ಕೂ ಬೇರೆ ಪದವಿಟ್ಟು ‘ನಮ್‌ಗ್ಯಲ್’ ಎಂದು ಮಾಡಿಕೊಂಡರು.

ಕನ್ನಡದಲ್ಲಿ ‘ವಿಜಯ’ವು ಬಂದ ಮೇಲೆಯೂ ‘ಗೆಲ್’ ಧಾತು ಉಳಿಯಿತು. ತೆಲುಗಿನ ‘ಗೆಲುಚು’ ಅದರ ಸೋದರ. ಜಪಾನಿಯಲ್ಲಿ ‘ಶೋರಿ’ಯ ಪಕ್ಕದಲ್ಲಿ ದೇಶ್ಯವಾದ ‘ಕತ್ಸು’, ಕೊರಿಯನ್ನಿನಲ್ಲಿ ‘ಸುಂಗ್ನಿ’ಯ ಪಕ್ಕದಲ್ಲಿ ‘ಇಗಿದ’ ಉಳಿದಂತೆ. ನಿಘಂಟುಗಳು ಇವನ್ನು ಪರ್ಯಾಯಪದಗಳೆಂದು ಒಂದೇ ಸಾಲಿನಲ್ಲಿ ಕೂರಿಸಿಬಿಡುತ್ತವೆ. ಇದನ್ನು ನಾವು ಒಪ್ಪಲಾರೆವು. ಎರವಲು ಪದಕ್ಕೆ ಅರಸರ ಬಿರುದು, ಊರಿನ ಹೆಸರು ದೊರೆತವು. ವಿಜಯಪುರವು ಪರಭಾಷಿಕರ ಬಾಯಲ್ಲಿ ಬಿಜಾಪುರವಾಗಿ 2014ರ ನವೆಂಬರ್ 1ರಂದು ಮತ್ತೆ ಅಧಿಕೃತವಾಗಿ ವಿಜಯಪುರವಾಯಿತು. ದೇಶ್ಯಪದಕ್ಕೆ ದೊರೆತ ಬದುಕೇ ಬೇರೆ. ಜ್ವರ ಬಿಟ್ಟ ಮಗು ಎದ್ದು ಆಡತೊಡಗಿದರೆ ತಾಯಿ ‘ಈಗ ಗೆಲುವಾಗಿದೆ’ ಎನ್ನುತ್ತಾಳೆ. ‘ವಿಜಯವಾಗಿದೆ’ ಎಂದು ಯಾವ ತಾಯಿಯೂ ಹೇಳಳು.